ಯಾವ ಗಣಕವನ್ನು ನೆಚ್ಚಬೇಕು?

ಸಂಸಾರವೆಂಬುದು ನೆಚ್ಚಿಕೆಯ ಮೇಲೆ ನಡೆಯುವ ವ್ಯವಹಾರ. ಬೆಳಗಾಗುತ್ತಲೇ ಹಾಲು ಬಂದೇ ಬರುವುದೆಂದು ನೆಚ್ಚಿ ಗೃಹಿಣಿ ರಾತ್ರಿಯೇ ಫಿಲ್ಟರಿಗೆ ಕಾಫಿಪುಡಿ ತುಂಬಿಡುತ್ತಾಳೆ. ಗೋಡೆಯ ಗಡಿಯಾರವನ್ನು ನೆಚ್ಚಿ ಯಜಮಾನನು ಸ್ನಾನಕ್ಕೆ ಏಳುತ್ತಾನೆ. ಈ ನೆಚ್ಚಿಕೆಗೆ ಒಂದು ವಿಚಿತ್ರ ಗುಣವುಂಟು. ಅದು ಇರುವಷ್ಟು ಕಾಲ ಯಾರ ಕಣ್ಣಿಗೂ ಬೀಳುವುದಿಲ್ಲ. ವರ್ಷದಲ್ಲಿ ಮುನ್ನೂರ ಅರವತ್ತನಾಲ್ಕು ದಿನ ತಪ್ಪದೆ ಬಂದ ಹಾಲಿನವನನ್ನು ಹೊಗಳಿದವರಿಲ್ಲ. ಅವನು ಬಾರದೆ ಹೋದ ಆ ಒಂದು ದಿನವನ್ನು ಮರೆತವರೂ ಇಲ್ಲ.

ಈಚಿನ ವರ್ಷಗಳಲ್ಲಿ ಮನೆಯ ನೆಚ್ಚಿಕೆಯ ಪಟ್ಟಿಗೆ ಗಣಕಯಂತ್ರವೂ ಸೇರಿದೆ. ಬ್ಯಾಂಕಿನ ಲೆಕ್ಕ, ಮಗುವಿನ ಪಾಠ, ಮದುವೆಯ ಭಾವಚಿತ್ರ, ಅಜ್ಜನ ಆತ್ಮಕಥೆ ಎಲ್ಲವೂ ಅದರ ಹೊಟ್ಟೆಯಲ್ಲಿವೆ. ಅದರೊಡನೆ ಒಂದು ಜಗಳವೂ ಮನೆಯನ್ನು ಹೊಕ್ಕಿದೆ. ವಿಂಡೋಸ್ ಒಳ್ಳೆಯದೋ, ಮ್ಯಾಕ್ ಒಳ್ಳೆಯದೋ, ಲಿನಕ್ಸ್ ಒಳ್ಳೆಯದೋ? ಹಿಂದಿನ ತಲೆಮಾರಿನವರು ಮೈಸೂರು ಮಲ್ಲಿಗೆ ಹೆಚ್ಚೋ ಉಡುಪಿಯ ಮಲ್ಲಿಗೆ ಹೆಚ್ಚೋ ಎಂದು ವಾದಿಸುತ್ತಿದ್ದಂತೆ ಈಗಿನ ತರುಣರು ಇದನ್ನು ಹಿಡಿದು ವಾದಿಸುತ್ತಾರೆ. ವ್ಯತ್ಯಾಸವಿಷ್ಟೆ: ಮಲ್ಲಿಗೆಯ ವಾದದಲ್ಲಿ ಸೋತವನು ಏನನ್ನೂ ಕಳೆದುಕೊಳ್ಳುತ್ತಿರಲಿಲ್ಲ.

ಈ ವಾದದಲ್ಲಿ ಈ ಮೂರೂ ಬರಿಯ ಯಂತ್ರದ ಹೆಸರುಗಳಲ್ಲ; ಯಂತ್ರವನ್ನು ಆಳುವ ಕಾರ್ಯಾಚರಣ ವ್ಯವಸ್ಥೆಗಳ, ಎಂದರೆ ಆಪರೇಟಿಂಗ್ ಸಿಸ್ಟಮ್‌ಗಳ, ಹೆಸರುಗಳು. ಅದು ಮಾಡುವ ಕೆಲಸವೇನೆಂದು ತಿಳಿಯಬೇಕಾದರೆ ಹಳೆಯ ಬೆಂಗಳೂರಿನ ಒಂದು ವಠಾರವನ್ನು ನೆನೆದರೆ ಸಾಕು. ಹತ್ತು ಸಂಸಾರ, ಒಂದೇ ಅಂಗಳ, ಒಂದೇ ನಲ್ಲಿ. ಗಣಕದಲ್ಲಿ ನಡೆಯುವ ಪ್ರತಿಯೊಂದು ಕಾರ್ಯಕ್ರಮವೂ ಒಂದು ಬಾಡಿಗೆಯ ಸಂಸಾರ. ಯಂತ್ರದ ಲೆಕ್ಕಮಾಡುವ ಶಕ್ತಿಯೇ ನಲ್ಲಿ. ಮೆಮೊರಿಯೇ ವಾಸದ ಜಾಗ. ಕಾರ್ಯಾಚರಣ ವ್ಯವಸ್ಥೆಯೇ ವಠಾರದ ಒಡೆಯ. ಯಾರಿಗೆ ಎಷ್ಟು ಹೊತ್ತು ನೀರು, ಯಾರ ಮನೆ ಎಲ್ಲಿಗೆ ಮುಗಿಯಿತು ಎಂಬುದನ್ನು ಒಡೆಯನು ಗಟ್ಟಿಯಾಗಿ ಹೇಳಬಲ್ಲವನಾದರೆ ವಠಾರದಲ್ಲಿ ಶಾಂತಿ. ಇಲ್ಲವಾದರೆ ದಿನವೂ ರಂಪ.

ಮೊದಲಿನ ವಿಂಡೋಸ್ ಮತ್ತು ಮೊದಲಿನ ಮ್ಯಾಕ್ ಎರಡರಲ್ಲಿಯೂ ಒಡೆಯನು ಬಹಳ ಸಾಧು. ನಲ್ಲಿಯನ್ನು ಹಿಡಿದ ಸಂಸಾರ ತಾನಾಗಿಯೇ ಮರ್ಯಾದೆಯಿಂದ ಬಿಟ್ಟುಕೊಟ್ಟರೆ ಮುಂದಿನವರಿಗೆ ನೀರು. ಒಬ್ಬಳು ಬಿಡದೆ ಕೊಡದ ಮೇಲೆ ಕೊಡ ತುಂಬುತ್ತ ನಿಂತಳೆಂದರೆ ಇಡೀ ವಠಾರವೇ ಸ್ತಬ್ಧ. ಮನೆಗಳ ನಡುವೆ ಗೋಡೆಗಳೂ ಇರಲಿಲ್ಲ. ನೆಲದ ಮೇಲೆ ಸುಣ್ಣದ ಗೆರೆ ಮಾತ್ರ. ಒಂದು ಕಾರ್ಯಕ್ರಮವು ತಪ್ಪಿ ಮತ್ತೊಂದರ ಜಾಗದಲ್ಲಿ ಬರೆದರೆ ಎರಡೂ ಕೆಡುತ್ತಿದ್ದುವು. ಒಮ್ಮೊಮ್ಮೆ ಒಡೆಯನ ಮನೆಯೇ ಕುಸಿಯುತ್ತಿತ್ತು. 1984ರ ಮ್ಯಾಕಿಂತೋಷ್ ಯಂತ್ರದಲ್ಲಿ ಇಂಥ ಅವಘಡವಾದಾಗ ಪರದೆಯ ಮೇಲೆ ಬತ್ತಿ ಹೊತ್ತಿದ ಒಂದು ಪುಟ್ಟ ಬಾಂಬಿನ ಚಿತ್ರ ಕಾಣಿಸಿಕೊಳ್ಳುತ್ತಿತ್ತು. ಸೂಸನ್ ಕೇರ್ ಎಂಬ ಚಿತ್ರಕಾರ್ತಿ ರಚಿಸಿದ ಚಿತ್ರವದು. ನೋಡಲು ಚೆಲುವಾಗಿತ್ತು, ಆದರೆ ಅರ್ಧ ಬರೆದ ಲೇಖನವನ್ನು ಕಳೆದುಕೊಂಡವನಿಗೆ ಚೆಲುವಿನಿಂದ ಸಮಾಧಾನವಾದೀತೆ?

1995ರ ಆಗಸ್ಟಿನಲ್ಲಿ ಬಂದ ವಿಂಡೋಸ್ 95 ನಲ್ಲಿಗೆ ಸರದಿಯನ್ನು ಗೊತ್ತುಮಾಡಿತು. ಗೋಡೆಗಳನ್ನು ಮಾತ್ರ ಎದೆಯೆತ್ತರಕ್ಕೆ ಕಟ್ಟಿ ನಿಲ್ಲಿಸಿತು. ನೆರೆಮನೆಯ ಕಸ ಈಚೆಗೆ ಬೀಳುವುದು ತಪ್ಪಲಿಲ್ಲ. 1998ರ ಏಪ್ರಿಲಿನಲ್ಲಿ ಷಿಕಾಗೋ ನಗರದ ಪ್ರದರ್ಶನವೊಂದರಲ್ಲಿ ವಿಂಡೋಸ್ 98ರ ಗುಣಗಾನ ನಡೆಯುತ್ತಿತ್ತು. ಸ್ವತಃ ಬಿಲ್ ಗೇಟ್ಸ್ ವೇದಿಕೆಯ ಮೇಲಿದ್ದರು. ಸಹಾಯಕನು ಒಂದು ಸ್ಕ್ಯಾನರನ್ನು ಜೋಡಿಸುತ್ತಲೇ ಸಾವಿರಾರು ಕಣ್ಣುಗಳೆದುರಿಗೆ ಪರದೆ ನೀಲಿಗಟ್ಟಿತು. ಸಭೆ ಚಪ್ಪಾಳೆ ತಟ್ಟಿ ನಕ್ಕಿತು. ಪ್ರಾಯಶಃ ಅಂದು ನಕ್ಕವರಲ್ಲಿ ಹೆಚ್ಚಿನವರು ಅದೇ ನೀಲಿಯನ್ನು ತಮ್ಮ ಮನೆಗಳಲ್ಲಿ ಒಬ್ಬೊಬ್ಬರೇ ಕುಳಿತು ನೋಡಿದವರಿರಬೇಕು.

ಇದಕ್ಕಿಂತಲೂ ಸ್ವಾರಸ್ಯದ ಸಂಗತಿ ಮತ್ತೊಂದುಂಟು. ವಿಂಡೋಸ್ 95 ಮತ್ತು 98ರಲ್ಲಿ, ಯಂತ್ರವನ್ನು ಹಚ್ಚಿದಂದಿನಿಂದ ಕಳೆದ ಕಾಲವನ್ನು ಸೆಕೆಂಡಿನ ಸಾವಿರದೊಂದು ಭಾಗಗಳಲ್ಲಿ ಎಣಿಸುವ ಒಂದು ಲೆಕ್ಕವಿತ್ತು. ಆ ಲೆಕ್ಕದ ಕೋಶವು 49.7 ದಿನಗಳಿಗೆ ತುಂಬಿಹೋಗುತ್ತಿತ್ತು. ಬಳಿಕ ಯಂತ್ರವು ನಿಂತುಬಿಡಬಹುದಾಗಿತ್ತು. ಈ ದೋಷವು ಬೆಳಕಿಗೆ ಬರಲು ವರ್ಷಗಳೇ ಹಿಡಿದುವು. ಕಾರಣ ಸರಳ: ಬೇರಾವುದಾದರೊಂದು ನೆಪದಿಂದ ಕೆಡದೆ ಸತತವಾಗಿ ನಲವತ್ತೊಂಬತ್ತು ದಿನ ನಡೆದ ಯಂತ್ರಗಳೇ ಅಪರೂಪವಾಗಿದ್ದುವು!

ಇತ್ತ, 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಎಂಬಿಬ್ಬರು ಯೂನಿಕ್ಸ್ ಎಂಬ ವ್ಯವಸ್ಥೆಗೆ ಅಡಿಪಾಯ ಹಾಕಿದ್ದರು. ಅನೇಕರು ಏಕಕಾಲದಲ್ಲಿ ಒಂದೇ ಯಂತ್ರವನ್ನು ಬಳಸಬೇಕಾಗಿದ್ದುದರಿಂದ, ಸರದಿಯೂ ಗೋಡೆಯೂ ಅದರ ಬೆಳವಣಿಗೆಯ ಮೊದಲ ವರ್ಷಗಳಲ್ಲಿಯೇ ಬಂದುವು. ಆ ಮಾದರಿಯನ್ನು ಅನುಸರಿಸಿ 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್‌ನ ತಿರುಳನ್ನು ಬರೆದು ಎಲ್ಲರಿಗೂ ಧರ್ಮಾರ್ಥವಾಗಿ ಹಂಚಿದನು. ಮೈಕ್ರೋಸಾಫ್ಟ್ ಕಂಪನಿಯು 1993ರಲ್ಲಿ, ಡೇವ್ ಕಟ್ಲರ್ ಎಂಬ ಅನುಭವಿಯ ನೇತೃತ್ವದಲ್ಲಿ, ಎನ್‌ಟಿ ಎಂಬ ಗಟ್ಟಿಗೋಡೆಯ ವಿಂಡೋಸನ್ನು ಕಟ್ಟಿತು. ಅದು ಮೊದಲು ಕಚೇರಿಗಳಿಗೆ ಮಾತ್ರ ಸಲ್ಲುತ್ತಿತ್ತು. 2001ನೆಯ ವರ್ಷ ಎರಡು ಕಡೆಯೂ ಹೊಸಮನೆಯ ಪ್ರವೇಶ: ಮಾರ್ಚಿಯಲ್ಲಿ ಯೂನಿಕ್ಸ್ ವಂಶದ ಮ್ಯಾಕ್ ಓಎಸ್ ಟೆನ್, ಅಕ್ಟೋಬರಿನಲ್ಲಿ ಎನ್‌ಟಿ ವಂಶದ ವಿಂಡೋಸ್ ಎಕ್ಸ್‌ಪಿ. ಅಂದಿನಿಂದ ಮೂರು ವಠಾರಗಳಲ್ಲಿಯೂ ಸೂರಿನವರೆಗೆ ಗೋಡೆ, ಗಡಿಯಾರದ ಪ್ರಕಾರ ನೀರು. ವಿಂಡೋಸ್ ಎಂದರೆ ಗಳಿಗೆಗೊಮ್ಮೆ ಕೆಡುವುದೆಂದು ಇಂದಿಗೂ ಹಾಸ್ಯಮಾಡುವವರು ಮಡಿದವನ ಸಾಲವನ್ನು ಮೊಮ್ಮಗನಿಂದ ಕೇಳುತ್ತಿದ್ದಾರೆ ಎಂದೇ ಹೇಳಬೇಕು.

ಹಾಗಾದರೆ ಮೂರಕ್ಕೂ ಭೇದವೇ ಇಲ್ಲವೆ? ಭೇದವುಂಟು, ಆದರೆ ಅದು ಕೆಡುವುದೋ ಕೆಡದೋ ಎಂಬುದರಲ್ಲಿ ಅಷ್ಟಿಲ್ಲ, ಹೇಗೆ ಕೆಡುತ್ತದೆ ಎಂಬುದರಲ್ಲಿದೆ. ಅದನ್ನು ಕಾಣಲು ಬೆಂಗಳೂರಿನ ಬಸವನಗುಡಿಯ ಒಂದು ಮನೆಯನ್ನು ನೋಡಬಹುದು. ಒಂದೇ ಸೂರಿನಡಿ ಮೂರು ಗಣಕಗಳು, ಮೂರು ಮತಗಳು.

ಮನೆಯ ಹಿರಿಯರು ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು, ಬೀದಿಗೆಲ್ಲ ಮೇಷ್ಟರು. ಅವರದು ಕೊಠಡಿಯ ಮೂಲೆಯಲ್ಲಿ ಹನ್ನೊಂದು ವರ್ಷದಿಂದ ಕುಳಿತಿದ್ದ ವಿಂಡೋಸ್ ಯಂತ್ರ. ಬೆಳಗಿನ ಕಾಫಿಯ ತರುವಾಯ ಹಚ್ಚುವುದು, ಸಂಧ್ಯಾದೀಪದ ವೇಳೆಗೆ ಆರಿಸುವುದು. ಯಾವ ಅಂಗಡಿಯಲ್ಲಿ ಯಾವ ಪ್ರಿಂಟರನ್ನು ಕೊಂಡು ತಂದರೂ ಅದಕ್ಕೆ ಹೊಂದಿಕೊಳ್ಳುತ್ತಿತ್ತು. ಬೀದಿಯ ತಿರುವಿನಲ್ಲಿಯೇ ರಿಪೇರಿಯವನು ಸಿಗುತ್ತಿದ್ದನು. ಅವರ ದೂರು ಒಂದೇ. ಒಂದು ವಾಕ್ಯವನ್ನು ಮನಸ್ಸಿನಲ್ಲಿ ಕೂಡಿಸಿಕೊಂಡು ಕುಳಿತ ಹೊತ್ತಿಗೇ ಯಂತ್ರವು ತನ್ನನ್ನು ಪರಿಷ್ಕರಿಸಿಕೊಳ್ಳಲು ಅಪ್ಪಣೆ ಬೇಡುತ್ತಿತ್ತು. ಒಮ್ಮೊಮ್ಮೆ ಬೇಡದೆಯೂ ಆರಂಭಿಸುತ್ತಿತ್ತು. "ತರಗತಿಯಲ್ಲಿ ಪಾಠ ನಡೆಯುತ್ತಿರುವಾಗ ಜವಾನ ಬಂದು ಸುಣ್ಣ ಬಳಿಯಲು ನಿಂತಂತೆ" ಎಂದು ಅವರು ಗೊಣಗುತ್ತಿದ್ದರು.

ಸೊಸೆ ಪುಸ್ತಕಗಳ ಮುಖಪುಟ ರಚಿಸುವವಳು, ಅವಳದು ಮ್ಯಾಕ್. ಮುಚ್ಚಳ ತೆರೆದರೆ ನಿನ್ನೆ ಬಿಟ್ಟ ಗೆರೆಯಿಂದಲೇ ಕೆಲಸ ಮುಂದುವರಿಯುತ್ತದೆ. ಯಂತ್ರವನ್ನೂ ವ್ಯವಸ್ಥೆಯನ್ನೂ ಒಂದೇ ಕಂಪನಿ ತಯಾರಿಸುವುದರಿಂದ ಅವೆರಡಕ್ಕೂ ಜಾತಕ ಕೂಡಿಸಿಯೇ ಮದುವೆಯಾಗಿರುತ್ತದೆ. ಆದರೆ ಆ ಮನೆತನದವರಿಗೆ ಹಳೆಯ ನೆಂಟರಲ್ಲಿ ದಾಕ್ಷಿಣ್ಯ ಕಡಮೆ. 2019ರಲ್ಲಿ ಬಂದ ಕ್ಯಾಟಲೀನಾ ಎಂಬ ಆವೃತ್ತಿ ಹಳೆಯ 32 ಬಿಟ್‌ನ ಕಾರ್ಯಕ್ರಮಗಳನ್ನೆಲ್ಲ ಒಂದೇ ಮಾತಿಗೆ ಹೊರಗೆ ಹಾಕಿತು. ಸೊಸೆ ಹಣಕೊಟ್ಟು ಕೊಂಡಿದ್ದ ಎರಡು ಉಪಕರಣಗಳು ಅಂದೇ ನಿಂತುವು. ಯಂತ್ರ ಕೆಡಲಿಲ್ಲ, ನಿಜ, ಕೆಲಸ ನಿಂತಿತಷ್ಟೆ.

ಮಗ ಇಂಜಿನಿಯರು; ಅವನದು ಲಿನಕ್ಸ್. ತಿಂಗಳುಗಟ್ಟಲೆ ಆರಿಸದೆ ಬಿಟ್ಟರೂ ಅದು ದಣಿಯುವುದಿಲ್ಲ. ಪ್ರಪಂಚದ ಅತ್ಯಂತ ಶಕ್ತಿಶಾಲಿಯಾದ 500 ಗಣಕಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಈಚೆಗೆ ಲಿನಕ್ಸ್ ಅಲ್ಲದೆ ಬೇರೊಂದರ ಹೆಸರಿಲ್ಲವೆಂದು ಅವನು ಊಟದ ಎಲೆಯ ಮುಂದೆಯೂ ಹೇಳುತ್ತಿದ್ದನು. ಮೇಷ್ಟರ ಪತ್ನಿಗೆ ಗಣಕದ ಗೊಡವೆಯೇ ಬೇಡ. ಅವರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು. ಅದರ ಒಡಲಲ್ಲಿರುವುದೂ ಲಿನಕ್ಸ್‌ನ ತಿರುಳೇ ಎಂದು ಮಗ ತಿಳಿಸಿದಾಗ, "ಇರಲಿ ಬಿಡು, ಅದಕ್ಕೆ ನಾನೇನೂ ಅಡ್ಡಿ ಬಂದಿಲ್ಲವಲ್ಲ" ಎಂದರು. ಆದರೆ ಅತ್ತೆಯ ಔಷಧಿಯ ಚೀಟಿಯನ್ನು ಅಚ್ಚುಹಾಕಿ ತೆಗೆಯಲು ಸೊಸೆ ಒಮ್ಮೆ ಅವನ ಯಂತ್ರದ ಮುಂದೆ ಕುಳಿತಾಗ, ಅದು ಪ್ರಿಂಟರನ್ನು ಗುರುತಿಸಲೇ ಇಲ್ಲ. ಮಗನು ಬಂದು ಕಪ್ಪುಪರದೆಯಲ್ಲಿ ನಾಲ್ಕು ಸಾಲು ಮಂತ್ರ ಬರೆದ ಮೇಲೆ ಕಾಗದ ಹೊರಬಂದಿತು. "ನೋಡಿದೆಯಾ, ಎಷ್ಟು ಸುಲಭ!" ಎಂದನು ಅವನು. "ನೀವು ಮನೆಯಲ್ಲಿದ್ದಾಗ" ಎಂದಳು ಅವಳು. ನೆಚ್ಚಿಕೆಯ ಪ್ರಶ್ನೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ಸಾಧ್ಯವಿಲ್ಲ.

ನಮ್ಮ ನಾಡಿನಲ್ಲಿ ಇವೆಲ್ಲಕ್ಕೂ ಮೇಲಿನ ಪರೀಕ್ಷಕ ಮತ್ತೊಬ್ಬನಿದ್ದಾನೆ, ಅವನೇ ವಿದ್ಯುತ್ತು. ಹಿಂದೆ ಬರೆಯುತ್ತಿರುವ ಗಳಿಗೆಯಲ್ಲಿಯೇ ದೀಪ ಹೋದರೆ ಕಡತದ ಅರ್ಧ ಒಂದೆಡೆ, ಅರ್ಧ ಇನ್ನೊಂದೆಡೆಯಾಗಿ ಉಳಿಯುತ್ತಿತ್ತು. ವಿಂಡೋಸ್ 98ರ ಯಂತ್ರವು ದೀಪ ಬಂದೊಡನೆ, ತನ್ನನ್ನು ಸರಿಯಾಗಿ ಆರಿಸಲಿಲ್ಲವೆಂದು ಮನೆಯವರನ್ನೇ ದೂರಿ ತಪಾಸಣೆಗೆ ತೊಡಗುತ್ತಿತ್ತು. ಈಗ ಮೂರು ವ್ಯವಸ್ಥೆಗಳೂ ಮಂಡಿಯ ಸಾಹುಕಾರನ ಜಾಣತನವನ್ನು ಕಲಿತಿವೆ. ಸಾಹುಕಾರನು ಮೊದಲು ದಿನದ ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುತ್ತಾನೆ. ನಡುವೆ ದೀಪ ಆರಿದರೂ ಕಿರ್ದಿಯನ್ನು ನೋಡಿ ಖಾತೆಯನ್ನು ಸರಿಪಡಿಸಬಲ್ಲನು. ಅದರಂತೆಯೇ ಕಡತಗಳಲ್ಲಿ ಆಗಲಿರುವ ಬದಲಾವಣೆಯನ್ನು ಮೊದಲು ಗುರುತುಹಾಕಿಕೊಳ್ಳುವ ಪದ್ಧತಿ 2001-02ರ ಸುಮಾರಿಗೆ ಮೂರರ ಗೃಹಬಳಕೆಯಲ್ಲಿಯೂ ನೆಲೆಗೊಂಡಿತು. ಆದರೆ ಕಿರ್ದಿಯಿಂದ ಖಾತೆಯ ಶಿಸ್ತು ಉಳಿದೀತೇ ಹೊರತು, ಉಳಿಸದೆ ಬಿಟ್ಟ ಮಾತು ಹಿಂದಿರುಗಲಾರದು.

ಲೋಕದ ಬಯಲಿನಲ್ಲಿ ನಡೆದ ದೊಡ್ಡ ಅನಾಹುತಗಳನ್ನು ನೋಡಿದರೂ ಯಾರೊಬ್ಬರೂ ಮೀಸೆ ತಿರುವುವಂತಿಲ್ಲ. 2024ರ ಜುಲೈ 19ರ ಶುಕ್ರವಾರ ಭಾರತದ ಗಡಿಯಾರದಲ್ಲಿ ಬೆಳಗಿನ 9 ಗಂಟೆ 39 ನಿಮಿಷಕ್ಕೆ, ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಂಸ್ಥೆಯು ತನ್ನ ವಿಂಡೋಸ್ ಗ್ರಾಹಕರಿಗೆ ದೋಷವುಳ್ಳ ಒಂದು ಪುಟ್ಟ ಕಡತವನ್ನು ಕಳುಹಿಸಿತು. 78 ನಿಮಿಷಗಳಲ್ಲಿ ತಪ್ಪನ್ನು ತಿದ್ದಿದರೂ, ಅಷ್ಟರೊಳಗೆ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಗಣಕಗಳು ನೀಲಿಯಾಗಿ ಬಿದ್ದಿದ್ದುವು. ವಿಮಾನಗಳು ನಿಂತುವು, ಆಸ್ಪತ್ರೆಗಳು ತೊಳಲಿದುವು. ನಮ್ಮ ದೇಶದ ನಿಲ್ದಾಣಗಳಲ್ಲಿ ಸಿಬ್ಬಂದಿಯು ಪ್ರಯಾಣಿಕರಿಗೆ ಲೇಖನಿಯಿಂದ ಚೀಟಿ ಬರೆದು ವಿಮಾನ ಹತ್ತಿಸಿದರು. ಕಳ್ಳರನ್ನು ಕಾಯಲೆಂದು ಒಡೆಯನ ಒಳಮನೆಯಲ್ಲಿಯೇ ಇರಿಸಿಕೊಂಡಿದ್ದ ಕಾವಲುಗಾರನು ಎಡವಿ ಬಿದ್ದುದೇ ಇದಕ್ಕೆ ಕಾರಣ. ಆ ಕಡತ ವಿಂಡೋಸಿಗೆಂದೇ ಬರೆದುದಾದ್ದರಿಂದ ಮ್ಯಾಕ್, ಲಿನಕ್ಸ್ ಯಂತ್ರಗಳಿಗೆ ಏನೂ ಆಗಲಿಲ್ಲ. ಅಂದು ಸಂಜೆ ಬಸವನಗುಡಿಯ ಮನೆಯಲ್ಲಿ ಮಗನ ಮುಖದ ಮೇಲೆ ದೀಪಾವಳಿ.

ಅವನಿಗೆ ನೆನಪಾಗದೆ ಹೋದ ದಿನವೊಂದುಂಟು. 2012ರ ಜುಲೈ 1ರಂದು ಜಗತ್ತಿನ ಗಡಿಯಾರಕ್ಕೆ ಒಂದು ಸೆಕೆಂಡನ್ನು ಹೆಚ್ಚಾಗಿ ಸೇರಿಸಲಾಯಿತು. ಆ ಒಂದೇ ಒಂದು ಸೆಕೆಂಡನ್ನು ಅರಗಿಸಿಕೊಳ್ಳಲಾರದೆ ಅನೇಕ ಲಿನಕ್ಸ್ ಯಂತ್ರಗಳು ಮತಿಗೆಟ್ಟಂತೆ ಸುತ್ತತೊಡಗಿದುವು. ಅಂದು ಆಸ್ಟ್ರೇಲಿಯದ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಕೈಬರಹದಿಂದ ನಡೆಸಬೇಕಾಯಿತು. ಮ್ಯಾಕ್‌ನ ಕತೆಯೂ ನಿಷ್ಕಳಂಕವಲ್ಲ. 2001ರ ನವೆಂಬರಿನಲ್ಲಿ ಹಾಡು ಕೇಳುವ ಐಟ್ಯೂನ್ಸ್‌ನ ಹೊಸ ಆವೃತ್ತಿಯನ್ನು ಸ್ಥಾಪಿಸಲು ಹೋದ ಕೆಲವರ ಡಿಸ್ಕಿನ ಭಾಗಗಳೇ ಅಳಿಸಿಹೋದುವು. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಪರಿಷ್ಕರಣವೊಂದು ಕೆಲವರ ಸ್ವಂತ ಕಡತಗಳನ್ನು ನುಂಗಿತು. ಕಂಪನಿಯು ಅದರ ವಿತರಣೆಯನ್ನೇ ತಡೆಹಿಡಿಯಬೇಕಾಯಿತು. ಈ ಎರಡರಲ್ಲಿಯೂ ಪರದೆ ನೀಲಿಯಾಗಲಿಲ್ಲ, ಬಾಂಬು ಕಾಣಿಸಲಿಲ್ಲ. ಯಂತ್ರ ಎಂದಿನಂತೆ ನಗುನಗುತ್ತ ನಡೆಯಿತು. ಮಾಲು ಮಾತ್ರ ಹೋಯಿತು. ಯಂತ್ರ ನಿಲ್ಲದಿರುವುದೇ ಬೇರೆ, ಮಾಲು ಉಳಿಯುವುದೇ ಬೇರೆ. ಮನೆಮಂದಿಯ ವಾದಗಳೆಲ್ಲ ಮೊದಲನೆಯದರ ಸುತ್ತ ನಡೆಯುತ್ತವೆ. ಮನೆಮಂದಿಯ ಕಣ್ಣೀರೆಲ್ಲ ಎರಡನೆಯದಕ್ಕೆ ಸೇರಿದ್ದು.

ಮೇಷ್ಟರಿಗೆ ಇದು ತಿಳಿದುದು 2025ರ ಚಳಿಗಾಲದಲ್ಲಿ. ಆ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಆರೈಕೆ ಮುಗಿದಿತ್ತು. ಅವರ ಹಳೆಯ ಯಂತ್ರ ವಿಂಡೋಸ್ 11ಕ್ಕೆ ಯೋಗ್ಯವಾಗಿರಲಿಲ್ಲ. "ಅಣ್ಣ, ಇದಕ್ಕೆ ಲಿನಕ್ಸ್ ಹಾಕಿಕೊಡುತ್ತೇನೆ, ಇನ್ನೂ ಐದು ವರ್ಷ ಬಾಳುತ್ತದೆ" ಎಂದು ಮಗ ಹೇಳುತ್ತಲೇ ಇದ್ದನು. "ಈ ಪುಸ್ತಕ ಮುಗಿಯಲಪ್ಪ" ಎಂದು ಅವರು ಮುಂದೂಡುತ್ತಲೇ ಇದ್ದರು. ಪುಸ್ತಕವೆಂದರೆ ಅವರ ತಾಯಿ ಹಾಡುತ್ತಿದ್ದ ಸಂಪ್ರದಾಯದ ಹಾಡುಗಳು. ತಾಯಿ ಹೋಗಿ ಮೂವತ್ತು ವರ್ಷ. ಹಾಡುಗಳು ಉಳಿದಿದ್ದುದು ಮೇಷ್ಟರ ಅಕ್ಕನ ನೆನಪಿನಲ್ಲಿ. ಎಂಬತ್ತೇಳರ ಆ ವೃದ್ಧೆ ಶಿವಮೊಗ್ಗದಿಂದ ಫೋನಿನಲ್ಲಿ ಒಂದೊಂದೇ ಸಾಲು ಹೇಳುವರು. ತಮ್ಮ ನುಡಿ ತಂತ್ರಾಂಶದಲ್ಲಿ ಒಂದೊಂದೇ ಸಾಲು ಬೆರಳಚ್ಚಿಸುವರು. ಹಸೆಯ ಹಾಡು, ಆರತಿಯ ಹಾಡು, ಬೀಗರ ಹಾಡು ಹೀಗೆ ನೂರಹದಿನಾಲ್ಕು ಹಾಡುಗಳು ಸೇರಿದ್ದುವು.

ಒಂದು ಬೆಳಗ್ಗೆ ಯಂತ್ರದಿಂದ ಟಿಕ್ ಟಿಕ್ ಎಂಬ ಸದ್ದು ಬಂದು ಹಾರ್ಡ್ ಡಿಸ್ಕ್ ನಿಂತುಹೋಯಿತು. ಮಗನು ಎರಡು ದಿನ ಹೆಣಗಿದನು. ಮೂರನೆಯ ದಿನ ಸೋತು ಕುಳಿತಾಗ ಅವನು ಹೇಳಿದ ಮಾತು ಮನೆಯಲ್ಲಿ ಎಲ್ಲರಿಗೂ ಆಶ್ಚರ್ಯ ತಂದಿತು: "ವಿಂಡೋಸಿನ ತಪ್ಪಲ್ಲ ಅಣ್ಣ. ಇದರಲ್ಲಿ ಲಿನಕ್ಸ್ ಇದ್ದಿದ್ದರೂ ಹೀಗೆಯೇ ಆಗುತ್ತಿತ್ತು." ಡಿಸ್ಕೆಂಬುದು ತಿರುಗುವ ಲೋಹದ ಬಿಲ್ಲೆ, ಸವೆದು ಸಾಯುವಾಗ ಅದು ತನ್ನ ಒಡೆಯನಾರೆಂದು ಕೇಳುವುದಿಲ್ಲ.

ಆಗ ಸೊಸೆಗೆ ಒಂದು ವಿಷಯ ನೆನಪಾಯಿತು. "ಮಾವ, ಮುಖಪುಟಕ್ಕೆಂದು ಗಣಪತಿ ಹಬ್ಬದಲ್ಲಿ ನೀವು ನನಗೆ ಒಂದು ಪ್ರತಿ ಕಳುಹಿಸಿದ್ದಿರಲ್ಲ?" ಮ್ಯಾಕ್ ತೆರೆದಳು, ಕಡತವೇನೋ ಇದ್ದಿತು. ಆದರೆ ಪರದೆಯ ಮೇಲೆ ಮೂಡಿದುದು ಕೊಂಬುಬಾಲಗಳುಳ್ಳ ಇಂಗ್ಲಿಷ್ ಅಕ್ಷರಗಳ ಗೋಜಲು. ಹಳೆಯ ನುಡಿಯ ಫಾಂಟುಗಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸಿದ್ದುವು. ಆ ಫಾಂಟಿಲ್ಲದ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯದು. ಮೇಷ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ತಾಯಿಯ ಹಾಡು ಎದುರಿಗೇ ಇದೆ, ಓದಲು ಬಾರದು! ಮಗನು ಪರಿವರ್ತಕವೊಂದನ್ನು ತಂದು ಅದನ್ನು ಯೂನಿಕೋಡಿಗೆ ತಿರುಗಿಸಿದನು. ಯೂನಿಕೋಡೆಂದರೆ ಪ್ರಪಂಚದ ಲಿಪಿಗಳಿಗೆಲ್ಲ ಒಂದೊಂದು ಸ್ವಂತ ಸ್ಥಾನವನ್ನು ಗೊತ್ತುಮಾಡಿಕೊಟ್ಟಿರುವ ಪದ್ಧತಿ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಎಡೆಯಿದೆ. ಅಂದು ರಾತ್ರಿ ಊಟದ ಹೊತ್ತಿಗೆ ಅಕ್ಷರಗಳು ಒಂದೊಂದಾಗಿ ಮನೆಗೆ ಹಿಂದಿರುಗಿದುವು. ಆ ಪ್ರತಿ ಮ್ಯಾಕಿನಲ್ಲಿಯೂ ತೆರೆಯಿತು, ಲಿನಕ್ಸಿನಲ್ಲಿಯೂ ತೆರೆಯಿತು. ಮೇಷ್ಟರ ಪತ್ನಿಯ ಫೋನಿನಲ್ಲಿಯೂ ತೆರೆಯಿತು.

ಎಣಿಸಿದಾಗ ನೂರಮೂರು ಹಾಡುಗಳಿದ್ದುವು. ಗಣಪತಿ ಹಬ್ಬದಿಂದ ಈಚೆಗೆ ಬೆರಳಚ್ಚಿಸಿದ ಹನ್ನೊಂದು ಇರಲಿಲ್ಲ. ಅಕ್ಕನಿಂದ ಮತ್ತೆ ಹೇಳಿಸಿಕೊಳ್ಳೋಣವೆಂದರೆ ಅವರು ಕಾರ್ತಿಕದಲ್ಲಿ ತೀರಿಕೊಂಡಿದ್ದರು. ಪುಸ್ತಕದ ಕಡೆಯ ಪುಟದಲ್ಲಿ ಮೇಷ್ಟರು ಆ ಹನ್ನೊಂದು ಹಾಡುಗಳ ಹೆಸರುಗಳನ್ನು ಮಾತ್ರ, ನೆನಪಿದ್ದಷ್ಟು, ಅಚ್ಚುಹಾಕಿಸಿದ್ದಾರೆ.

ಯಾವ ಗಣಕವನ್ನು ನೆಚ್ಚಬೇಕೆಂದು ಕೇಳುವ ಗೃಹಸ್ಥನಿಗೆ ಉತ್ತರ ಇಷ್ಟರಿಂದ ತಾನಾಗಿಯೇ ಹೊರಡುತ್ತದೆ. ಯಂತ್ರವನ್ನು ಆರಿಸುವಾಗ, ಕೆಟ್ಟರೆ ಸರಿಪಡಿಸಿ ಕೊಡುವವರು ಯಾರು ಹತ್ತಿರದಲ್ಲಿದ್ದಾರೆ ಎಂಬುದನ್ನು ನೋಡಬೇಕು. ಅವರು ಯಾವುದನ್ನು ಬಲ್ಲರೋ ಅದೇ ಆ ಮನೆಗೆ ತಕ್ಕ ವ್ಯವಸ್ಥೆ. ಬೀದಿಯ ರಿಪೇರಿಯವನನ್ನೂ ಹಳೆಯ ಪ್ರಿಂಟರನ್ನೂ ನೆಚ್ಚಿದವರಿಗೆ ವಿಂಡೋಸು. ಹೆಚ್ಚು ಹಣ ತೆತ್ತು, ಕಂಪನಿಯ ಮಾತಿನಂತೆ ನಡೆದು, ನಿಶ್ಚಿಂತೆಯಾಗಿರಬಯಸುವವರಿಗೆ ಮ್ಯಾಕು. ಕಲಿಯುವ ತಾಳ್ಮೆಯುಳ್ಳವರಿಗೆ, ಅಥವಾ ಅಂಥ ಮಗನೋ ಮಗಳೋ ಮನೆಯಲ್ಲಿರುವವರಿಗೆ, ಲಿನಕ್ಸು. ಕಂಪನಿಯ ಆರೈಕೆ ಮುಗಿದ ಹಳೆಯ ಯಂತ್ರಕ್ಕೆ ಲಿನಕ್ಸ್ ಮರುಹುಟ್ಟನ್ನೂ ಕೊಡಬಲ್ಲದು. ಪರಿಷ್ಕರಣಗಳನ್ನು ತಿರಸ್ಕರಿಸಬಾರದು, ಕೆಲಸದ ಹೊತ್ತಿಗೆ ಅಡ್ಡಬಾರದಂತೆ ರಾತ್ರಿಗೆ ಗೊತ್ತುಮಾಡಿದರೆ ಸಾಕು. ಬರೆದುದು ಯಾವ ಯಂತ್ರದಲ್ಲಿಯೂ ತೆರೆಯುವಂತೆ ಯೂನಿಕೋಡಿನಲ್ಲಿರಬೇಕು.

ಮತ್ತು ಮುಖ್ಯವಾದ ಮಾತು: ಅಮೂಲ್ಯವಾದುದೆಲ್ಲಕ್ಕೂ ಇನ್ನೊಂದು ಪ್ರತಿ, ಸಾಧ್ಯವಾದರೆ ಮನೆಯ ಹೊರಗೆ ಮತ್ತೂ ಒಂದು ಪ್ರತಿ ಇರಬೇಕು. ನೀಲಿಯ ಪರದೆಗೆ 2025ರಲ್ಲಿ ಕಪ್ಪುಬಣ್ಣ ಬಂದಿದೆ. ಮುಂದೆ ಬೇರೆ ಯಾವ ಬಣ್ಣ ಬರುವುದೋ. ಯಾವ ಬಣ್ಣದ ಕೇಡು ಎದುರಾದರೂ ಎರಡನೆಯ ಪ್ರತಿಯುಳ್ಳವನು ಒಂದು ಲೋಟ ಕಾಫಿ ಕುಡಿದು ಮತ್ತೆ ಕೆಲಸಕ್ಕೆ ಕೂರಬಹುದು. ಆದುದರಿಂದ ಯಾರ ಮನೆಯಲ್ಲಾದರೂ ಈ ಮೂರರ ಜಗಳ ಎದ್ದಾಗ, ವಾದಿಸುತ್ತಿರುವ ತರುಣನನ್ನು ಯಾವುದು ಉತ್ತಮವೆಂದು ಕೇಳುವ ಮೊದಲು, ಮನೆಯ ಭಾವಚಿತ್ರಗಳ ಇನ್ನೊಂದು ಪ್ರತಿ ಎಲ್ಲಿದೆಯೆಂದು ಕೇಳಿನೋಡುವುದು ಲೇಸು. ಅನೇಕ ವೇಳೆ ಜಗಳ ಅಲ್ಲಿಗೇ ನಿಲ್ಲುವುದು.